ಹಗ್ಗದಾಚೆ ನಿಂತ ಮೇಡಂ

ಹೋದ ತಿಂಗಳು ಮೇಡಂ ತೀರಿಕೊಂಡ ಸುದ್ದಿಯನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಓದಿದೆ. ಐದೇ ಸಾಲು. ‘ಸೌಮ್ಯ ಸ್ವಭಾವದವರೂ ಮಿತಭಾಷಿಗಳೂ ಆಗಿದ್ದ’ ಎಂದು ಶುರುವಾಗಿತ್ತು. ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಸೌಮ್ಯ ಸ್ವಭಾವ! ಬರೆದ ಪುಣ್ಯಾತ್ಮ ಅವರನ್ನು ಯುಗಾದಿಯ ಊಟದ ಸಾಲಿನಲ್ಲಿ ಮಾತ್ರ ನೋಡಿರಬೇಕು. ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಒಮ್ಮೆ ನೋಡಿದ್ದರೂ ಆ ಮಾತು ಬರೆಯುತ್ತಿರಲಿಲ್ಲ.

ಅವರು ನನಗೆ ನಿಜವಾಗಿ ಪರಿಚಯವಾದದ್ದು ಮುಖದಿಂದಲ್ಲ, ದನಿಯಿಂದ. ತೊಂಬತ್ತರ ದಶಕದ ಆರಂಭ. ವಡೋದರಾದ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಟೈಪಿಸ್ಟ್. ಅದೇ ಊರಿನ ಅಲ್ಕಾಪುರಿಯಲ್ಲಿ ಭಾವನ ಉಡುಪಿ ಹೋಟೆಲು. ಶನಿವಾರ ಸಂಜೆ ಅಲ್ಲಿ ಕಿಟಕಿ ಪಕ್ಕದ ಮೇಜು ನಮ್ಮದು: ನಾನು, ಭಾವ, ಮತ್ತೆ ಕಾಲೇಜಿನ ಹಳೆಯ ವಿದ್ಯಾರ್ಥಿ ಪಟೇಲ್ ಕಾಕಾ. ಕಾಕಾ ನಿವೃತ್ತರಾಗಿ ವರ್ಷಗಳಾಗಿದ್ದವು. ನಮ್ಮ ಕಾಲೇಜಿನ ತಂಡದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಗುಜರಾತಿನಲ್ಲಿ ಫುಟ್‌ಬಾಲ್ ಯಾರಿಗೆ ಬೇಕು ಅನ್ನುತ್ತಾರೆ. ನಮ್ಮ ಮೇಜಿಗೆ ಬೇಕಿತ್ತು. ಅಹಮದಾಬಾದ್, ಸೂರತ್, ನಮ್ಮೂರು ಎಂದು ಮೂರು ಊರಿನ ಕಾಲೇಜುಗಳ ನಡುವೆ ಪ್ರತಿ ಚಳಿಗಾಲ ಪಂದ್ಯಾವಳಿ. ಮಳೆ ನಿಲ್ಲುವ ಮೊದಲೇ ನಮ್ಮ ವಾದ ಶುರು.

ಆ ದಿನ ಭಾವ ತಲೆ ಕೊಡವಿದ. “ಈ ಸಲವೂ ಅಷ್ಟೇ ಮಾರಾಯ. ಗೋಲು ಹೊಡಿಯುವವ ಒಬ್ಬನೂ ಇಲ್ಲ. ಮತ್ತೆ ಎಂತ ನೋಡ್ಲಿಕ್ಕೆ ಹೋಗುದು?”

ಪಟೇಲ್ ಕಾಕಾ ಕೋಚ್ ಕಡೆಯವರು. “ಅರೆ ಭಾಯ್, ನಮ್ಮ ಕೋಚ್‌ದು ಭದ್ರ ಸಿಸ್ಟಮ್. ಹತ್ತು ಜನ ಹಿಂದೆ ನಿಲ್ಲಬೇಕು. ಚೆಂಡು ಸಿಕ್ಕಿತೋ, ಜೋರಾಗಿ ಒದಿ, ಮುಂದಿನವನು ಓಡಲಿ.”

ಆಗ ಫ್ಯಾಮಿಲಿ ರೂಮಿನ ಅರೆಬಾಗಿಲಿನ ಆಚೆಯಿಂದ ಹೆಂಗಸಿನ ದನಿಯೊಂದು ಬಂತು. ಮೊದಲು ಹಿಂದಿಯಲ್ಲಿ ಕಾಕಾಗೆ, ಆಮೇಲೆ, ನಾವು ಕನ್ನಡದವರೆಂದು ತಿಳಿದು, ನಮಗೆ: “ಏನ್ ಸಿಸ್ಟಮ್ ಹೇಳ್ತೀರಿ! ಒದ್ದು ಓಡ್ರಿ ಅನ್ನೂದಕ್ಕ ಕೋಚ್ ಯಾಕ ಬೇಕ್ರೀ? ನಾಯಿ ಬೆನ್ನ ಹತ್ತಿದ್ರೂ ಹುಡುಗ್ರು ಓಡ್ತಾರ.”

ಅರೆಬಾಗಿಲು ತಳ್ಳಿಕೊಂಡು ಹೊರಗೆ ಬಂದವರು ನಮ್ಮದೇ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಮೇಡಂ! ಐವತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಎರಡು ವರ್ಷ ಅವರ ರಜೆ ಅರ್ಜಿ ಟೈಪ್ ಮಾಡಿದ್ದೆ, ಅವರ ದನಿ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಹಿಂದೆ ಅವರ ಯಜಮಾನರು ನಗುತ್ತ ನಿಂತಿದ್ದರು. ಅವರಿಗೆ ಇದು ಹೊಸದಲ್ಲ.

ಮೇಡಂ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ. ತಂದೆ ಫಿಟ್ಟರ್, ಸಂಜೆಯಾದರೆ ವರ್ಕ್‌ಶಾಪ್ ತಂಡದ ಸೆಂಟರ್ ಫಾರ್ವರ್ಡ್. ಅಣ್ಣಂದಿರ ಜೊತೆ ಅವರೂ ಆಡಿದವರು. ಹದಿಮೂರಕ್ಕೆ ಲಂಗದ ಮೇಲೆ ದಾವಣಿ ಬಂತು, ಆಟ ನಿಂತಿತು. “ನಿಂತದ್ದು ಕಾಲು. ಕಣ್ಣಲ್ಲ,” ಎಂದು ಒಮ್ಮೆ ಹೇಳಿದ್ದರು. ಆಮೇಲೆ ಮೂವತ್ತೈದು ವರ್ಷ ಗೋಡೆ ಪಕ್ಕ, ಬೇಲಿ ಪಕ್ಕ, ಎಲ್ಲಿ ಆಟ ಸಿಕ್ಕರೆ ಅಲ್ಲಿ ನಿಂತು ನೋಡಿದವರು.

ಅಂದಿನಿಂದ ಅವರು ನಮ್ಮ ಮೇಜಿನವರಾದರು. ವಾದ ಮಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮೇಜನ್ನು ನೋಡುತ್ತಿದ್ದರು, ಅಲ್ಲೇ ಮೈದಾನ ಇದ್ದ ಹಾಗೆ. ಸಮಾಧಾನ ಎಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ‘ನಮ್ಮ ಹುಡುಗರು ಪಾಪ, ಪ್ರಯತ್ನ ಪಟ್ಟರು’ ಎಂದು ಯಾರಾದರೂ ಅಂದರೆ ಕೆಂಡವಾಗುತ್ತಿದ್ದರು. “ಪಾಪ ಅನ್ನಬ್ಯಾಡ್ರಿ. ಅವರು ಚಲೋ ಆಟಗಾರರು. ಅವರಿಗೆ ಆಡಾಕ ಬಿಟ್ಟಿಲ್ಲ, ಅದು ಸಿಟ್ಟಿನ ಮಾತು, ಪಾಪದ ಮಾತಲ್ಲ.”

ಅವರ ಮಾತನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವನು ಹಿತೇಶ. ತಂಡದ ಕ್ಯಾಪ್ಟನ್, ಸೂರತ್‌ನ ಉಧ್ನಾದವನು, ತಂದೆ ಪವರ್‌ಲೂಮ್‌ನಲ್ಲಿ ಕೆಲಸಗಾರ. ಒಂದು ದಿನ ಪ್ರಾಕ್ಟಿಕಲ್ಸ್ ನಡುವೆ ಮೇಡಂ ಅವನನ್ನು ಕರೆದು ಕೇಳಿದರಂತೆ, ‘ನಿನ್ನೆ ನೀನು ಮೂರು ಸಲ ಒಬ್ಬನೇ ಓಡಿದೆ. ನಿನ್ನ ಪಕ್ಕದಲ್ಲಿ ಯಾರಿರಬೇಕಿತ್ತು?’ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅಂದಿನಿಂದ ಊಟದ ಬಿಡುವಿನಲ್ಲಿ ಮುಂದಿನ ಸಾಲಿನ ನಾಲ್ವರು ಲ್ಯಾಬಿಗೆ ಹೋಗತೊಡಗಿದರು. ಕರಿಕಲ್ಲಿನ ಮೇಜಿನ ಮೇಲೆ ಸೀಮೆಸುಣ್ಣದಿಂದ ಮೈದಾನ, ತಕ್ಕಡಿಯ ಹಿತ್ತಾಳೆ ತೂಕಗಳೇ ಆಟಗಾರರು. ನಾನು ಫೈಲು ಕೊಡುವ ನೆಪದಲ್ಲಿ ಹೋಗಿ ನೋಡಿದ್ದೇನೆ. ಸಣ್ಣ ಸಣ್ಣ ಪಾಸು, ಮೂವರು ಮೂರು ಮೂಲೆ, ಒಬ್ಬ ಕೊಟ್ಟ ಕೂಡಲೇ ಖಾಲಿ ಜಾಗಕ್ಕೆ ಜಾರಬೇಕು. “ಚೆಂಡು ನೋಡಬೇಡ, ಜಾಗ ನೋಡು,” ಎಂದು ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಗದರುತ್ತಿದ್ದರು. ಹುಡುಗರು ಊಟ ಬಿಟ್ಟು ನಿಂತು ಕೇಳುತ್ತಿದ್ದರು.

ಹದಿನೈದು ದಿನ ನಡೆಯಿತು. ಆಮೇಲೆ ಕೋಚ್‌ಗೆ ಗೊತ್ತಾಯಿತು.

ಕೋಚ್ ಕೆಟ್ಟವರೇನಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಅವರು ಬರೆದ ದೂರನ್ನು ನಾನು ಓದಿದ್ದೇನೆ. ಆಟದ ವಿಷಯ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಪ್ರಯೋಗಾಲಯದ ಉಪಕರಣಗಳ ದುರುಪಯೋಗ, ಬಿಡುವಿನ ವೇಳೆಯಲ್ಲಿ ಮಹಿಳಾ ಸಿಬ್ಬಂದಿಯೊಬ್ಬರು ಹುಡುಗರನ್ನು ಕೋಣೆಗೆ ಕರೆಸಿಕೊಳ್ಳುವುದು, ಇದರಿಂದ ಕಾಲೇಜಿನ ಹೆಸರಿಗೆ ಬರಬಹುದಾದ ಕಳಂಕ. ಕಾಲೇಜು ಓದುವ ಮಗಳಿದ್ದ ಹೆಂಗಸಿನ ಮೇಲೆ ಇಂಥ ದೂರು! ಪ್ರಿನ್ಸಿಪಾಲರು ವಿಚಾರಣೆ ಮಾಡಲಿಲ್ಲ, ಕರೆದು ಕೇಳಲಿಲ್ಲ. ಒಂದು ಆದೇಶ ಹೊರಡಿಸಿದರು: ಮೇಡಂ ಅಭ್ಯಾಸದ ಮೈದಾನದೊಳಗೆ ಕಾಲಿಡಕೂಡದು, ಆಟಗಾರರು ಆಟದ ವಿಷಯಕ್ಕೆ ಲ್ಯಾಬಿಗೆ ಹೋಗಕೂಡದು.

ಟೈಪ್ ಮಾಡಿದವನು ನಾನು.

ಮರುದಿನ ಮೇಡಂ ಆಫೀಸಿಗೆ ಬಂದರು. ಕೈಯಲ್ಲಿ ಆ ಕಾಗದ. ಕೆಳಗೆ ಎಡಮೂಲೆಯಲ್ಲಿ, ನಿಯಮದಂತೆ, ಟೈಪ್ ಮಾಡಿದವರ ಹೆಸರಿನ ಮೊದಲಕ್ಷರಗಳು. ಬೆರಳಿಟ್ಟು ತೋರಿಸಿದರು. “ಇದು ನೀನಲ್ಲೇನು?”

“ಹೌದು ಮೇಡಂ. ನನ್ನ ಕೆಲಸ…”

“ಚಲೋ ಮಾಡೀ. ಒಂದೂ ತಪ್ಪಿಲ್ಲ,” ಎಂದು ಹೊರಟುಹೋದರು.

ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಶನಿವಾರ ಮೇಡಂ ಬರಲಿಲ್ಲ, ಮೇಜಿನಲ್ಲಿ ನಾನೇ ವಿಷಯ ಎತ್ತಿದೆ. ಪಟೇಲ್ ಕಾಕಾ ದೋಸೆ ಮುರಿಯುತ್ತ, “ಮೇಡಂಗೆ ಗೊತ್ತಿದೆ, ನಿಜ. ಆದರೆ ಮೈದಾನ ಅವರ ಜಾಗ ಅಲ್ಲವಲ್ಲ,” ಎಂದರು. ಅದುವರೆಗೆ ವಾರ ವಾರ ಅವರ ಮಾತು ಕೇಳಿ ತಲೆದೂಗಿದ ಮನುಷ್ಯ! ಭಾವ, “ನಮಗೆ ಯಾಕೆ ಮಾರಾಯ, ಹೊರಗಿನಿಂದ ಬಂದವರು ನಾವು,” ಎಂದು ಕೌಂಟರಿಗೆ ಎದ್ದುಹೋದ. ನಾನೂ ಕಾಫಿ ಕುಡಿದು ಎದ್ದೆ. ಅಷ್ಟೇ ನಮ್ಮ ಪೌರುಷ. ತಂಡದ ಆಕ್ರಮಣ ಹೇಗಿರಬೇಕು ಎಂದು ಗಂಟೆಗಟ್ಟಲೆ ಹೇಳಬಲ್ಲವರು ನಾವು.

ಆ ವರ್ಷ ತಂಡ ಹೇಗೋ ತಿಣುಕಿಕೊಂಡು ಫೈನಲ್ಲಿಗೆ ಬಂತು. ಪಂದ್ಯ ಉಧ್ನಾದಲ್ಲಿ, ರೈಲು ಹಳಿಗೆ ಹತ್ತಿರದ ಒಂದು ಮೈದಾನದಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಾವು ಮೂವರು ಹೊರಟೆವು. ಸೂರತ್‌ನಲ್ಲಿ ಇಳಿದಾಗ ನೋಡಿದರೆ ಹೆಂಗಸರ ಡಬ್ಬಿಯಿಂದ ಮೇಡಂ ಇಳಿಯುತ್ತಿದ್ದಾರೆ! ಅದೇ ಕ್ಯಾನ್ವಾಸ್ ಬೂಟು, ಕೈಯಲ್ಲಿ ನೀರಿನ ಬಾಟಲಿ.

“ಮೇಡಂ, ಆದೇಶ…” ಎಂದೆ.

“ಆದೇಶ ಕಾಲೇಜಿನ ಮೈದಾನಕ್ಕ ಐತಿ. ಸೂರತ್ ಊರಿಗಿಲ್ಲ. ನಾ ಹಗ್ಗದ ಹೊರಗ ನಿಂದರತೀನಿ.”

ಹಾಗೇ ನಿಂತರು, ಮಗ್ಗದ ಕೆಲಸಗಾರರ ನಡುವೆ, ಬಿಸಿಲಿನಲ್ಲಿ. ಅವರ ಪಕ್ಕದಲ್ಲೇ ಹಿತೇಶನ ತಂದೆ, ಪಾಳಿ ಬಿಟ್ಟು ಬಂದಿದ್ದರು, ತಲೆಗೂದಲಲ್ಲಿ ಇನ್ನೂ ನೂಲಿನ ದೂಳು. ಅರ್ಧ ಆಟ ಮುಗಿಯುವಷ್ಟರಲ್ಲಿ ನಾವು ಎರಡು ಗೋಲು ಹಿಂದೆ. ಹತ್ತು ಜನ ಹಿಂದೆ ನಿಂತಿದ್ದರೂ ಎರಡು ಗೋಲು! ಹಿತೇಶ ಒಬ್ಬನೇ ಮುಂದೆ ಓಡಿ ಓಡಿ ನಾಲಿಗೆ ಹೊರಬಿದ್ದಿತ್ತು.

ವಿರಾಮದಲ್ಲಿ ಕೋಚ್ ಹುಡುಗರನ್ನು ಸುತ್ತ ನಿಲ್ಲಿಸಿ ಕೂಗುತ್ತಿದ್ದರು. ನೋಡನೋಡುತ್ತಿದ್ದಂತೆ ಹಿತೇಶ ಆ ವೃತ್ತದಿಂದ ಹೊರಬಂದ. ಮೈದಾನವನ್ನು ಅಡ್ಡ ಹಾಯ್ದು, ಎಲ್ಲರ ಎದುರು, ಸೀದಾ ಹಗ್ಗದ ಹತ್ತಿರ ಓಡಿದ. ಮೇಡಂ ಎದುರು ನಿಂತು ಏದುಸಿರು ಬಿಡುತ್ತ ಕೇಳಿದ: “ಮೇಡಂ, ಅಬ್ ಕ್ಯಾ ಕರೇಂ?”

ಅವರು ಒಂದು ಕ್ಷಣ ಕೋಚ್ ಕಡೆ ನೋಡಿದರು. ಆಮೇಲೆ ಅವನಿಗೆ ಹೇಳಿದರು, “ನೀನು ಸ್ವಲ್ಪ ಹಿಂದಕ್ಕೆ ಸರಿದು ಆಡು. ಎಡಗಡೆಯವನನ್ನು ಒಳಗೆ ಕರೆದುಕೋ. ಉದ್ದ ಒದೆಯಬೇಡಿ, ಒಂದು ಸಲವೂ ಒದೆಯಬೇಡಿ. ಲ್ಯಾಬಿನ ಮೇಜು ನೆನಪಿದೆ ತಾನೆ?”

ಅವನು ತಲೆಯಾಡಿಸಿ ಓಡಿದ.

ಆಮೇಲಿನ ನಲವತ್ತೈದು ನಿಮಿಷದಂಥ ಫುಟ್‌ಬಾಲನ್ನು ನಮ್ಮ ಕಾಲೇಜು ಅದಕ್ಕೆ ಮುಂಚೆ ಆಡಿರಲಿಲ್ಲ. ಚೆಂಡು ನೆಲ ಬಿಟ್ಟು ಏಳಲಿಲ್ಲ. ಒಂದು ಗೋಲು ಬಂತು, ಮೂರೇ ಮೂರು ಸಣ್ಣ ಪಾಸಿನಲ್ಲಿ. ಮಗ್ಗದ ಜನ ಶಿಳ್ಳೆ ಹೊಡೆದರು, ಹಿತೇಶನ ಅಪ್ಪ ಏನೂ ಕೂಗದೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಕೊನೆಯಲ್ಲಿ ಒಂದು ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಸೋತೆವು, ಒಂದಕ್ಕೆ ಎರಡು.

ವಾಪಸಾಗುವ ರೈಲಿನಲ್ಲಿ ಪಟೇಲ್ ಕಾಕಾ ಹೇಳಿದರು, “ನೋಡಿ, ಮಧ್ಯದಲ್ಲಿ ಸಿಸ್ಟಮ್ ಬದಲಿಸಿದರೆ ಹೀಗೇ. ಗೊಂದಲ.” ಎರಡು ಗೋಲು ಯಾವ ಸಿಸ್ಟಮ್‌ನಲ್ಲಿ ತಿಂದದ್ದು ಎಂದು ಕೇಳಬೇಕಿತ್ತು. ಕಿಟಕಿಯ ಆಚೆ ನೋಡುತ್ತ ಕೂತೆ.

ಕೋಚ್ ವರದಿ ಮೂರು ದಿನದಲ್ಲಿ ಬಂತು. ಶಿಸ್ತು ಉಲ್ಲಂಘನೆಗಾಗಿ ಕ್ಯಾಪ್ಟನ್ ಒಂದು ವರ್ಷ ಅಮಾನತು. ಆ ಒಂದು ವರ್ಷವೆಂದರೆ ಹಿತೇಶನ ಕೊನೆಯ ವರ್ಷ. ಆಡದಿದ್ದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದಿದ್ದರೆ ಕ್ರೀಡಾ ಕೋಟಾದ ನೌಕರಿಯಿಲ್ಲ. ಉಧ್ನಾದ ಮಗ್ಗವೇ ಗತಿ.

ಮೇಡಂ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಗೋಡೆಯ ಈಚೆ ಕೂತ ನನಗೆ ಎಲ್ಲ ಕೇಳುತ್ತಿತ್ತು. ಮೊದಲ ಹತ್ತು ನಿಮಿಷ ಅವರದೇ ದನಿ. ಆಮೇಲೆ ಪ್ರಿನ್ಸಿಪಾಲರ ನಯವಾದ ದನಿ. ಹೊರಗೆ ಬಂದಾಗ ಮೇಡಂ ಮುಖ ಕಪ್ಪಿಟ್ಟಿತ್ತು. ನನ್ನ ಮುಂದೆ ಕುರ್ಚಿ ಎಳೆದು ಕೂತರು.

“ಕಾಗದ ಹಾಕು. ಹೇಳ್ತೀನಿ, ಹೊಡಿ.”

ಕ್ಷಮಾಪಣೆ ಪತ್ರ. ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಹುಡುಗನನ್ನು ತಾನೇ ದಾರಿ ತಪ್ಪಿಸಿದ್ದು. ಏನು ಮಾಡುತ್ತಿದ್ದೇನೆಂದು ಹುಡುಗನಿಗೆ ತಿಳಿದಿರಲಿಲ್ಲ. ಆಮೇಲಿನ ಸಾಲು: ತನಗೆ ಫುಟ್‌ಬಾಲ್ ಆಟದ ಜ್ಞಾನವಿಲ್ಲ.

ನನ್ನ ಬೆರಳು ನಿಂತಿತು. “ಮೇಡಂ, ಇದು ಸುಳ್ಳು. ಇದನ್ನು ಬರೆಯಬೇಡಿ.”

“ಈ ಸಾಲು ಇದ್ರನ ಹುಡುಗನ್ನ ಬಿಡ್ತಾರಂತ. ಹೊಡಿ.”

“ಇಂಥ ಸಾಲು ಕೇಳಲಿಕ್ಕೆ ಅವರಿಗೆ ಹಕ್ಕಿಲ್ಲ!”

“ಹಕ್ಕಿಲ್ಲ ಅಂತ ನನಗ ಗೊತ್ತಿಲ್ಲೇನು? ಹೊಡಿಯೋ ಮಾರಾಯ, ತಡಾ ಆದ್ರ ಸಹಿ ಮಾಡಾಕ ನನಗ ಮನಸ್ಸ ಬರೂದಿಲ್ಲ.”

ಹೊಡೆದೆ. ಸಹಿ ಮಾಡಿದರು. ಏಳುವಾಗ ಹೇಳಿದರು, “ಹಿತೇಶಗ ಇದನ್ನ ಹೇಳಬ್ಯಾಡ. ಮಾತು ಕೊಡು.” ಕೊಟ್ಟೆ.

ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿ ಹುಡುಗನನ್ನು ಕ್ಷಮಿಸಿದರೆಂದು ಕಾಲೇಜೆಲ್ಲ ಸುದ್ದಿಯಾಯಿತು. ಹಿತೇಶ ಮತ್ತೆ ಆಡಿದ. ಇನ್ನೂ ಉರಿಯುವ ಸಂಗತಿಯೆಂದರೆ, ಮುಂದಿನ ಚಳಿಗಾಲ ಕೋಚ್ ತಂಡವನ್ನು ಆಡಿಸಿದ್ದು ಅದೇ ಸಣ್ಣ ಪಾಸಿನಲ್ಲಿ, ಅದೇ ಮೂರು ಮೂಲೆಯ ಲೆಕ್ಕದಲ್ಲಿ. ಅಹಮದಾಬಾದಿನ ತಂಡವನ್ನು ಅವರ ಮೈದಾನದಲ್ಲೇ ಸೋಲಿಸಿ ಬಂದರು. ಶನಿವಾರದ ಮೇಜಿನಲ್ಲಿ ಪಟೇಲ್ ಕಾಕಾ, “ಕೋಚ್ ಆಕ್ರಮಣ ಹೇಗೆ ಕಲಿಸಿದ್ದಾರೆ ನೋಡಿ!” ಎಂದರು. ನಾನು ಮೇಜು ಗುದ್ದಿದೆ, ಸಾಂಬಾರು ಚೆಲ್ಲಿತು. ಅದು ಯಾರ ಆಕ್ರಮಣ ಎಂದು ಕಿರುಚಿದೆ. ಕಾಕಾ ಕರವಸ್ತ್ರದಿಂದ ಅಂಗಿ ಒರೆಸಿಕೊಂಡು ಶಾಂತವಾಗಿ ಕೇಳಿದರು, “ಯಾರದಾದರೇನು ಭಾಯ್? ಗೋಲು ಬಂತಲ್ಲ?” ಅಂದಿನಿಂದ ಆ ಮೇಜಿಗೆ ನಾನು ಹೋಗಲಿಲ್ಲ.

ಮೇಡಂ ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಯಜಮಾನರಿಗೆ ಅಹಮದಾಬಾದಿಗೆ ವರ್ಗವಾಗಿ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಒಂದು ಫ್ಲ್ಯಾಟಿಗೆ ಹೋದರು. ಬೀಳ್ಕೊಡುಗೆ ಸಭೆ ಕೂಡ ಆಗಲಿಲ್ಲ.

ಎರಡು ವರ್ಷದ ಮೇಲೆ ಹಿತೇಶ ಆಫೀಸಿಗೆ ಬಂದ. ನಮ್ಮೂರಿನಲ್ಲೇ ಸಾರ್ವಜನಿಕ ವಲಯದ ಒಂದು ಕಾರ್ಖಾನೆಯಲ್ಲಿ ಅವನಿಗೆ ನೌಕರಿ ಸಿಕ್ಕಿತ್ತು, ಆಟದ ಪ್ರಮಾಣಪತ್ರದ ನಕಲು ಬೇಕಿತ್ತು. ಅವನ ಫೈಲು ತೆಗೆದೆ. ಅಮಾನತಿನ ಆದೇಶದ ಹಿಂದೆ ಮೇಡಂ ಪತ್ರ ಲಗತ್ತಾಗಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ತೋರಿಸುವುದಿಲ್ಲ ಎಂದು ಕೊಟ್ಟಿರಲಿಲ್ಲ. ಪೂರ್ತಿ ಫೈಲನ್ನು ಅವನ ಕೈಗಿಟ್ಟು ನೀರು ಕುಡಿಯಲು ಹೋದೆ.

ಮರಳಿದಾಗ ಅವನು ನಿಂತೇ ಇದ್ದ. “ಅವರ ಅಡ್ರೆಸ್ ಕೊಡಿ,” ಎಂದ. ಅವನ ಕಣ್ಣು ನೋಡಿ, ನಾನೂ ಬರುತ್ತೇನೆ ಎಂದೆ.

ಭಾನುವಾರ ಬಸ್ಸು ಹಿಡಿದು ಹೋದೆವು. ದಾರಿಯುದ್ದ ಅವನು ಅಡ್ರೆಸ್ ಚೀಟಿಯನ್ನು ಮಡಚುತ್ತ ಬಿಡಿಸುತ್ತ ಕೂತಿದ್ದ. ಕೃತಜ್ಞತೆ ಹೇಳಲು ಮಾತು ಜೋಡಿಸಿಕೊಳ್ಳುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಬಾಗಿಲು ತೆರೆದ ಮೇಡಂ ಅವನನ್ನು ನೋಡಿ ಹಿಗ್ಗಿದರು. ಒಳಗೆ ಕೂಗಿ ಮಗಳಿಗೆ ಕಾಫಿ ಇಡಲು ಹೇಳಿದರು, ಅವಳು ಗುಜರಾತಿಯಲ್ಲಿ ಏನೋ ಉತ್ತರ ಕೊಟ್ಟಳು. ಹಿತೇಶ ಕೂರಲಿಲ್ಲ.

“ಆ ಪತ್ರಕ್ಕೆ ಯಾಕೆ ಸಹಿ ಹಾಕಿದಿರಿ?” ಎಂದು ಹಿಂದಿಯಲ್ಲಿ ಕೇಳಿದ.

ಮೇಡಂ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. “ನಿನ್ನ ನೌಕರಿ ಹೋಗ್ತಿತ್ತು, ಬೇಟಾ,” ಎಂದರು.

“ನನ್ನನ್ನು ಕೇಳಿದಿರಾ?” ಅವನ ದನಿ ಒಡೆಯಿತು. “ನನ್ನ ಅಪ್ಪನ ಎದುರು, ನಮ್ಮ ಉಧ್ನಾದ ಜನರ ಎದುರು ನಾನು ಹಗ್ಗದ ಹತ್ತಿರ ಬಂದೆ. ನೀವು ಏನು ಬರೆದಿರಿ? ಹುಡುಗನಿಗೆ ತಿಳಿದಿರಲಿಲ್ಲ ಅಂತ! ನನಗೆ ತಿಳಿದಿತ್ತು ಮೇಡಂ. ಏನು ಮಾಡುತ್ತಿದ್ದೇನೆ, ಅದಕ್ಕೆ ಏನು ಶಿಕ್ಷೆ, ಎಲ್ಲ ತಿಳಿದೇ ಬಂದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಧೈರ್ಯದ ಕೆಲಸ ಅದು. ಕೋಚ್ ಅದನ್ನು ಅಶಿಸ್ತು ಅಂದರು. ನೀವು ಅದನ್ನು ಮೂರ್ಖತನ ಅಂದಿರಿ.”

ಅಷ್ಟು ವರ್ಷ ಅವರ ಪರವಾಗಿ ನಾನು ಊರಿನ ಮೇಲೆಲ್ಲ ಸಿಟ್ಟಾಗಿದ್ದೆ. ಅವರ ಮೇಲೂ ಯಾರಾದರೂ ಸಿಟ್ಟಾಗಬಹುದು, ಅದೂ ನ್ಯಾಯವಾಗಿ, ಎಂದು ನನಗೆ ಹೊಳೆದೇ ಇರಲಿಲ್ಲ. ಎಂಥ ವಾದಕ್ಕೂ ಎದುರುವಾದ ಹೂಡುತ್ತಿದ್ದ ಮೇಡಂ, ಅವನಿಗೆ ಅರ್ಥವಾಗದು ಎಂಬುದನ್ನು ಮರೆತು, ಕನ್ನಡದಲ್ಲೇ ಅಂದರು: “ತಪ್ಪಾತಪಾ. ನಿನ್ನ ಕೇಳಬೇಕಾಗಿತ್ತು.”

ಅವನು ಕಾಫಿ ಮುಟ್ಟದೆ ಮೆಟ್ಟಿಲಿಳಿದು ಹೋದ. ನಾನು ಹಿಂದೆ ಓಡಿದೆ.

ಹತ್ತು ದಿನದ ಮೇಲೆ ಕಾಲೇಜಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಲಕೋಟೆ ಬಂತು, ಪ್ರಿನ್ಸಿಪಾಲರ ಹೆಸರಿಗೆ. ತೆರೆಯುವ ಕೆಲಸ ನನ್ನದು. ಅವರ ಕೈಬರಹ, ನಾಲ್ಕೇ ಸಾಲು. ಹಿಂದಿನ ಪತ್ರವನ್ನು ಹಿಂತೆಗೆದುಕೊಂಡಿದ್ದೇನೆ. ನನಗೆ ಫುಟ್‌ಬಾಲ್ ಚೆನ್ನಾಗಿ ಗೊತ್ತು. ಕ್ಯಾಪ್ಟನ್ ತಿಳಿದೇ ಮಾಡಿದ, ಸರಿಯಾದದ್ದನ್ನೇ ಮಾಡಿದ. ಅಂದಿನ ಕ್ಷಮಾಪಣೆಗೆ ಈಗ ಅವನ ಕ್ಷಮೆ ಕೇಳುತ್ತಿದ್ದೇನೆ.

ಆವಕ ಸಂಖ್ಯೆ ಹಾಕಿದೆ, ಮೊಹರು ಒತ್ತಿದೆ. ಪ್ರಿನ್ಸಿಪಾಲರ ಮೇಜಿಗೆ ಒಯ್ಯಲಿಲ್ಲ. ಹೊರಗೆ ಹೋಗಿ ವಿದ್ಯಾರ್ಥಿಗಳ ನೋಟಿಸ್ ಬೋರ್ಡಿನಲ್ಲಿ, ಗಾಜಿನ ಒಳಗೆ, ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ ಹಚ್ಚಿದೆ. ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡೆ. ಆಮೇಲೆ ಹಿತೇಶನ ಕಾರ್ಖಾನೆಗೆ ಫೋನ್ ಮಾಡಿದೆ.

ಊಟದ ಬಿಡುವಿನಲ್ಲಿ ಅವನು ಸಮವಸ್ತ್ರದಲ್ಲೇ ಸೈಕಲ್ ತುಳಿದುಕೊಂಡು ಬಂದ. ಬೋರ್ಡಿನ ಮುಂದೆ ಹುಡುಗರ ಗುಂಪಿತ್ತು. ಜಾಗ ಬಿಟ್ಟರು. ಗಾಜಿಗೆ ಮುಖ ಹತ್ತಿರ ತಂದು ಒಮ್ಮೆ ಓದಿದ, ಇನ್ನೊಮ್ಮೆ ಓದಿದ. ಒಳಗಿನಿಂದ ಪ್ರಿನ್ಸಿಪಾಲರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು.

ಹಿತೇಶ ನನ್ನತ್ತ ತಿರುಗಿದ. “ಭಾನುವಾರ ಅಹಮದಾಬಾದಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?” ಎಂದ.